ದಾರಿಯನ್ನು ಅಳೆದು ಮನವಿ ಬರೆಯುವುದು
(ಪ್ರೌಢ ತರಗತಿಗಳ ಭಾಷಾ ಪಾಠ: ಮನವಿ ಪತ್ರ ರಚನೆ)

ಪಾಠದ ಆಶಯ

ಮನವಿ ಪತ್ರವನ್ನು ಸಾಮಾನ್ಯವಾಗಿ ಒಂದು ಚೌಕಟ್ಟಾಗಿ ಕಲಿಸಲಾಗುತ್ತದೆ: ಇವರಿಂದ, ಇವರಿಗೆ, ವಿಷಯ, ಮಾನ್ಯರೇ, ಇಂತಿ. ಚೌಕಟ್ಟು ಬಾಯಿಪಾಠವಾದರೂ ಅದರೊಳಗೆ ತುಂಬಲು ವಿದ್ಯಾರ್ಥಿಯ ಬಳಿ ವಿಷಯವಿರುವುದಿಲ್ಲ. ಶಾಲೆಯ ಮುಂದಿನ ದಾರಿ ಆ ವಿಷಯವನ್ನು ಒದಗಿಸುತ್ತದೆ. ಗಾಲಿಕುರ್ಚಿಯ ಮಗು, ಕಣ್ಣು ಕಾಣದ ಮಗು, ಮೊಮ್ಮಗುವಿನ ಕೈಹಿಡಿದ ಅಜ್ಜಿ ವಾಹನಗಳ ನಡುವೆಯೇ ನಡೆಯಬೇಕಾಗಿರುವಲ್ಲಿ ಮನವಿಗೆ ನಿಜವಾದ ಕಾರಣವಿದೆ.

ವಿಷಯ ವಿವರಣೆ

ವಿಕಲಚೇತನರ ಹಕ್ಕುಗಳ 2016ರ ಕಾಯಿದೆಯು ಅವರ ಓಡಾಟಕ್ಕೆ ಅನುಕೂಲವಾದ ರಸ್ತೆಗಳನ್ನು ಒದಗಿಸುವ ಹೊಣೆಯನ್ನು ಸರಕಾರಗಳಿಗೆ ವಹಿಸಿದೆ. ಅಡೆತಡೆಯಿಲ್ಲದ, ವಿಕಲಚೇತನರಿಗೂ ಬಳಸಲು ಬರುವ ಕಾಲುದಾರಿಯ ಹಕ್ಕು ಸಂವಿಧಾನದ 21ನೆಯ ವಿಧಿಯಲ್ಲಿ ಅಡಕವಾಗಿದೆಯೆಂದು ಸರ್ವೋಚ್ಚ ನ್ಯಾಯಾಲಯವು 2025ರ ಮೇ 14ರಂದು ಹೇಳಿದೆ.

ಅಳತೆಗಳನ್ನು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪಾದಚಾರಿ ಸೌಲಭ್ಯಗಳ ಮಾರ್ಗಸೂಚಿ ನೀಡುತ್ತದೆ. ಕಾಲುದಾರಿಯಲ್ಲಿ ತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು. ರಸ್ತೆಯಿಂದ ಅದರ ಎತ್ತರ 15 ಸೆಂಟಿಮೀಟರನ್ನು ಮೀರಬಾರದು. ಇಳಿಜಾರು 1:12ರ ಪ್ರಮಾಣದಲ್ಲಿರಬೇಕು. ಎಂದರೆ 15 ಸೆಂಟಿಮೀಟರ್ ಎತ್ತರಕ್ಕೆ 180 ಸೆಂಟಿಮೀಟರ್ ಉದ್ದದ ಇಳಿಜಾರು ಬೇಕು. ಅಂಚಿಗೆ ಒಂದು ಬುಟ್ಟಿ ಕಾಂಕ್ರೀಟು ಸುರಿದು ಅರ್ಧ ಮೀಟರಿನಲ್ಲಿ ಇಳಿಸಿದ ಜಾರು ಬೈಕು ಹತ್ತಲು ಸಾಕು, ಗಾಲಿಕುರ್ಚಿಗೆ ಅಪಾಯ.

ಉಬ್ಬು ಹಾಸುಗಲ್ಲನ್ನು ಜಪಾನಿನ ಸೇಯಿಚಿ ಮಿಯಾಕೆ ರೂಪಿಸಿದರು. 1967ರಲ್ಲಿ ಒಕಾಯಾಮಾ ನಗರದಲ್ಲಿ ಅದನ್ನು ಮೊದಲು ಹಾಸಲಾಯಿತು. ಇಂದು ಗೆರೆಯ ಕಲ್ಲು ಮುಂದೆ ನಡೆಯಲು, ಚುಕ್ಕೆಯ ಕಲ್ಲು ನಿಂತು ಎಚ್ಚರವಹಿಸಲು ಸೂಚಿಸುತ್ತದೆ.

ಚಟುವಟಿಕೆ

1. ಅಧ್ಯಾಪಕರ ಜೊತೆಯಲ್ಲಿ, ವಾಹನ ವಿರಳವಾದ ಹೊತ್ತಿನಲ್ಲಿ, ಶಾಲಾ ದ್ವಾರದಿಂದ ಬಸ್ ನಿಲ್ದಾಣದವರೆಗೆ ಅಳತೆಪಟ್ಟಿಯಿಂದ ಅಗಲ, ಎತ್ತರ, ತಡೆಗಳನ್ನು ಗುರುತಿಸುವುದು.
2. ತರಗತಿಯಲ್ಲಿ ವಿಕಲಚೇತನ ವಿದ್ಯಾರ್ಥಿಯಿದ್ದರೆ, ಒಪ್ಪಿಗೆ ಪಡೆದು, ಯಾವ ತಡೆ ಮೊದಲು ನೀಗಬೇಕೆಂಬ ತೀರ್ಮಾನವನ್ನು ಆ ಮಗುವಿಗೇ ಬಿಡುವುದು. ಅನುಕಂಪದ ಪ್ರದರ್ಶನಕ್ಕೆ ಎಡೆಗೊಡಬಾರದು.
3. ರಸ್ತೆ ಯಾರದೆಂದು ವಿಚಾರಿಸುವುದು: ಪಂಚಾಯತಿನದೋ, ಲೋಕೋಪಯೋಗಿ ಇಲಾಖೆಯದೋ, ರಾಷ್ಟ್ರೀಯ ಹೆದ್ದಾರಿಯೋ? ಮನವಿಯ ವಿಳಾಸ ಇದರಿಂದ ನಿರ್ಧಾರವಾಗುತ್ತದೆ.

ಅನುದಾನದ ಅರಿವು

15ನೆಯ ಹಣಕಾಸು ಆಯೋಗವು 2021–26ರ ಅವಧಿಗೆ ಪಂಚಾಯತುಗಳಿಗೆ ಸೂಚಿಸಿದ ಅನುದಾನದಲ್ಲಿ ಶೇಕಡಾ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾಗಿತ್ತು. ಶೇಕಡಾ 40 ಭಾಗ ಆಯಾ ಊರಿನ ಅಗತ್ಯಗಳಿಗೆ ಮುಕ್ತವಾಗಿತ್ತು. ಮೀಸಲು ಹಣದಿಂದ ಕಾಲುದಾರಿಯನ್ನು ಕೇಳಿದರೆ 'ಅವಕಾಶವಿಲ್ಲ' ಎಂಬ ಉತ್ತರ ಸಹಜ. ಯಾವುದೇ ಅವಧಿಯ ಅನುದಾನದಲ್ಲೂ ಈ ಭೇದವನ್ನು ಮೊದಲು ತಿಳಿಯಬೇಕು. ಕಾಮಗಾರಿಯು ಪಂಚಾಯತಿನ ವಾರ್ಷಿಕ ಯೋಜನೆಗೆ ಸೇರಲು ಗ್ರಾಮಸಭೆಯೇ ಬಾಗಿಲು. ಕೇರಳದಲ್ಲಿ ಅದು ವಾರ್ಡು ಮಟ್ಟದಲ್ಲಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಅಲ್ಲಿ ಮನವಿಯನ್ನು ಹೆತ್ತವರ ಮೂಲಕ ಮಂಡಿಸಬಹುದು.

ಬರವಣಿಗೆ

ಎರಡು ವಾಕ್ಯಗಳನ್ನು ಕರಿಹಲಗೆಯ ಮೇಲೆ ಬರೆದು ಹೋಲಿಸಲಿ:

"ನಮ್ಮ ಶಾಲೆಯ ದಾರಿ ತುಂಬಾ ಕೆಟ್ಟಿದೆ, ದಯವಿಟ್ಟು ಸರಿಪಡಿಸಿ."

"ಶಾಲಾ ದ್ವಾರದ ಎಡಬದಿಯ ಕಾಲುದಾರಿಯಲ್ಲಿ ಮೂರು ವಿದ್ಯುತ್ ಕಂಬಗಳಿದ್ದು, ಅಲ್ಲಿ ಉಳಿದಿರುವ ಅಗಲ 70 ಸೆಂಟಿಮೀಟರ್ ಮಾತ್ರ."

ಮೊದಲನೆಯದನ್ನು ಓದಿದ ಅಧಿಕಾರಿ ಏನು ಮಾಡಬೇಕೆಂದು ತಿಳಿಯದು. ಎರಡನೆಯದು ಸ್ಥಳವನ್ನೂ ಕೊರತೆಯನ್ನೂ ತೋರಿಸುತ್ತದೆ. ಅಂದಾಜುಪಟ್ಟಿ ಅಲ್ಲಿಂದಲೇ ಆರಂಭವಾಗಬಹುದು.

ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಈ ಪಾಠಕ್ಕೆ ಇನ್ನೊಂದು ಮಹತ್ತ್ವವಿದೆ. ಕುಂದುಕೊರತೆಯ ನಿವಾರಣೆಗಾಗಿ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬರಿಗೂ ನೀಡಿದೆ. ಬಳಸದ ಹಕ್ಕು ಕಡತದಲ್ಲೇ ಉಳಿಯುತ್ತದೆ. ಆದುದರಿಂದ ಮನವಿಯು ಕನ್ನಡದಲ್ಲೇ ಇರಲಿ. ಅನುಕೂಲಕ್ಕಾಗಿ ರಾಜ್ಯಭಾಷೆಯ ಅನುವಾದವನ್ನು ಲಗತ್ತಿಸಬಹುದು.

ಮೌಲ್ಯಮಾಪನ

ಅಳತೆಯ ನಿಖರತೆ, ವಿಳಾಸದ ಔಚಿತ್ಯ, ಕೋರಿಕೆಯ ಸ್ಪಷ್ಟತೆ, ಭಾಷಾಶುದ್ಧಿ: ಈ ನಾಲ್ಕನ್ನು ಸಮಾನವಾಗಿ ಪರಿಗಣಿಸಬೇಕು. ತರಗತಿಯು ಆಯ್ದ ಒಂದು ಮನವಿಯನ್ನು ಮುಖ್ಯೋಪಾಧ್ಯಾಯರ ಮೂಲಕ ಸಲ್ಲಿಸಿ, ಸ್ವೀಕೃತಿ ಪಡೆದು, ದಿನಾಂಕವನ್ನು ತರಗತಿಯಲ್ಲಿ ಬರೆದಿಡಬೇಕು. ತಿಂಗಳೊಳಗೆ ಉತ್ತರ ಬಾರದಿದ್ದರೆ ನೆನಪೋಲೆ ಬರೆಯುವುದೇ ಮುಂದಿನ ಅಭ್ಯಾಸ.