ನಿಂತ ವಾಹನದ ಬ್ಯಾಟರಿ: ರಕ್ಷಣೆಯ ಕ್ರಮ



ತ್ಯಾಜ್ಯ ಸಂಗ್ರಹಣಾ ವಾಹನ, ಟ್ರ್ಯಾಕ್ಟರ್ ಹಾಗೂ ಜನರೇಟರ್‌ಗಳು ಗ್ರಾಮ ಪಂಚಾಯತಿಯ ಅಮೂಲ್ಯ ಆಸ್ತಿಗಳಾಗಿವೆ. ಚಾಲಕರ ಕೊರತೆ, ವಿಮೆಯ ನವೀಕರಣ ಅಥವಾ ದುರಸ್ತಿಯ ನಿಮಿತ್ತ ಇವು ವಾರಗಟ್ಟಲೆ ನಿಲ್ಲುವುದುಂಟು. ಓಡದ ವಾಹನಕ್ಕೆ ಸವೆತವಿಲ್ಲವೆಂದು ಭಾವಿಸುವುದು ಸಹಜ. ಆದರೆ ಬ್ಯಾಟರಿಯ ಮಟ್ಟಿಗೆ ಇದು ಸರಿಯಲ್ಲ. ನಿಂತ ಬ್ಯಾಟರಿಯು ನಿಂತಲ್ಲೇ ಹಾಳಾಗುತ್ತದೆ. ಆಗ ಕಸ ಮನೆಗಳಲ್ಲಿಯೇ ಉಳಿಯುತ್ತದೆ. ಹೊಸ ಬ್ಯಾಟರಿಯ ವೆಚ್ಚ ಪಂಚಾಯತಿಯ ಮೇಲೆ ಬೀಳುತ್ತದೆ.

ಬರಿದಾಗಲು ಕಾರಣ

ಡೀಸೆಲ್ ಹಾಗೂ ಪೆಟ್ರೋಲ್ ವಾಹನಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್‌ನ ಸೀಸ-ಆಮ್ಲ ಬ್ಯಾಟರಿ ಇರುತ್ತದೆ. ಬಳಸದಿದ್ದರೂ ಅದರೊಳಗಿನ ರಾಸಾಯನಿಕ ಕ್ರಿಯೆಯಿಂದ ಚಾರ್ಜ್ ನಿಧಾನವಾಗಿ ಇಳಿಯುತ್ತದೆ; ಬೇಸಿಗೆಯ ಸೆಕೆಯಲ್ಲಿ ಇನ್ನೂ ಬೇಗ ಇಳಿಯುತ್ತದೆ. ಜೊತೆಗೆ ಗಡಿಯಾರ, ಜಿಪಿಎಸ್ ಮುಂತಾದ ಸಾಧನಗಳು ಕೀ ತೆಗೆದ ಮೇಲೂ ವಿದ್ಯುತ್ ಬಳಸುತ್ತವೆ. ಇವೆಲ್ಲ ಸೇರಿ 50 ಮಿಲಿಆಂಪಿಯರ್ ಎಳೆದರೆ ದಿನಕ್ಕೆ 1.2 ಆಂಪಿಯರ್-ಗಂಟೆ ಖರ್ಚಾಗುತ್ತದೆ. ಅಂದರೆ 60 ಆಂಪಿಯರ್-ಗಂಟೆಯ ಬ್ಯಾಟರಿಯು 25 ದಿನಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ.

ಚಾರ್ಜ್ ಇಳಿದಂತೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂಡುತ್ತದೆ. ಕೂಡಲೇ ಚಾರ್ಜ್ ಮಾಡಿದರೆ ಇದು ಕರಗುತ್ತದೆ. ಬಹುಕಾಲ ಹಾಗೆಯೇ ಬಿಟ್ಟರೆ ಗಟ್ಟಿ ಹರಳಾಗಿ, ಬ್ಯಾಟರಿಯ ಶಕ್ತಿ ಶಾಶ್ವತವಾಗಿ ಕುಂದುತ್ತದೆ. ಆದುದರಿಂದ ಬ್ಯಾಟರಿ ಬರಿದಾದ ಮೇಲೆ ಚಾರ್ಜ್ ಮಾಡುವುದಕ್ಕಿಂತ ಬರಿದಾಗದಂತೆ ಕಾಯುವುದೇ ಮುಖ್ಯ.

ಸ್ಥಿತಿಯನ್ನು ತಿಳಿಯುವ ಬಗೆ

ವಾಹನ ನಿಂತು ಒಂದು ರಾತ್ರಿ ಕಳೆದ ಮೇಲೆ ಮಲ್ಟಿಮೀಟರ್‌ನಿಂದ ಅಳೆಯತಕ್ಕದ್ದು. ಸುಮಾರು 12.6 ವೋಲ್ಟ್ ಇದ್ದರೆ ಚಾರ್ಜ್ ಪೂರ್ಣವಾಗಿದೆ, 12.4 ಇದ್ದರೆ ಮುಕ್ಕಾಲು, 12.2 ಇದ್ದರೆ ಅರ್ಧ ಉಳಿದಿದೆ. 12.4ಕ್ಕೆ ಇಳಿದೊಡನೆ ಚಾರ್ಜ್ ಮಾಡಿಸುವುದು ಸೂಕ್ತ.

ಅನುಸರಿಸಬೇಕಾದ ಕ್ರಮಗಳು

1. ವಾಹನ ನಿಲ್ಲಿಸುವ ಮುನ್ನ ಬ್ಯಾಟರಿಯನ್ನು ಪೂರ್ಣ ಚಾರ್ಜ್ ಮಾಡಿಸಿ, ತುದಿಗಳನ್ನು ಸ್ವಚ್ಛಗೊಳಿಸುವುದು.

2. ಎರಡು ವಾರಗಳಿಗಿಂತ ಹೆಚ್ಚು ಕಾಲ ನಿಲ್ಲುವುದಾದರೆ ಮೈನಸ್ ತಂತಿಯನ್ನು ಬಿಚ್ಚಿಡುವುದು. ಇದರಿಂದ ಜಿಪಿಎಸ್ ಸಾಧನಕ್ಕೂ ವಿದ್ಯುತ್ ನಿಲ್ಲುವುದರಿಂದ ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರಿಗೆ ಮೊದಲೇ ತಿಳಿಸುವುದು. ಬ್ಯಾಟರಿಯನ್ನೇ ಹೊರತೆಗೆಯುವಾಗ ಮೈನಸ್ ಮೊದಲು, ಪ್ಲಸ್ ನಂತರ ಬಿಚ್ಚತಕ್ಕದ್ದು. ಮರುಜೋಡಣೆಯಲ್ಲಿ ಪ್ಲಸ್ ಮೊದಲು.

3. ಚಾರ್ಜಿಂಗ್ ಪ್ರವಾಹವು ಬ್ಯಾಟರಿಯ ಸಾಮರ್ಥ್ಯದ ಹತ್ತನೆಯ ಒಂದು ಭಾಗದಷ್ಟಿರಲಿ. 60 ಆಂಪಿಯರ್-ಗಂಟೆಯ ಬ್ಯಾಟರಿಗೆ 6 ಆಂಪಿಯರ್. ಸಾಮಾನ್ಯ ಚಾರ್ಜರ್ ಅನ್ನು ದಿನಗಟ್ಟಲೆ ಜೋಡಿಸಿಟ್ಟರೆ ಒಳಗಿನ ನೀರು ಬತ್ತುತ್ತದೆ. ಸದಾ ಸಿದ್ಧವಿರಬೇಕಾದ ಜನರೇಟರ್‌ಗೆ, ಚಾರ್ಜ್ ತುಂಬಿದೊಡನೆ ಪ್ರವಾಹವನ್ನು ತಾನೇ ತಗ್ಗಿಸಿಕೊಳ್ಳುವ ಸ್ವಯಂಚಾಲಿತ ಚಾರ್ಜರ್ ಉತ್ತಮ.

4. ಮುಚ್ಚಳ ತೆರೆಯುವ ಮಾದರಿಯಲ್ಲಿ ನೀರು ಕಡಿಮೆಯಾಗಿದ್ದರೆ ಡಿಸ್ಟಿಲ್ಡ್ ನೀರನ್ನು ಮಾತ್ರ ಹಾಕುವುದು. ನಲ್ಲಿ ನೀರಾಗಲಿ, ಆಮ್ಲವಾಗಲಿ ಸಲ್ಲದು.

5. ವಾಹನವನ್ನು ನಿಂತಲ್ಲೇ ಐದು ನಿಮಿಷ ಚಾಲೂ ಮಾಡಿ ನಿಲ್ಲಿಸುವುದರಿಂದ, ಸ್ಟಾರ್ಟ್ ಮಾಡಲು ವ್ಯಯವಾದ ಶಕ್ತಿಯೂ ಪೂರ್ತಿ ಮರಳದಿರಬಹುದು. ಸಾಧ್ಯವಿದ್ದಲ್ಲಿ ಹದಿನೈದು ದಿನಕ್ಕೊಮ್ಮೆ ಕನಿಷ್ಠ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸುವುದು.

ಸುರಕ್ಷತೆ

ಚಾರ್ಜ್ ಆಗುವಾಗ ಹೊರಬರುವ ಜಲಜನಕವು ಸ್ಫೋಟಿಸಬಲ್ಲದು. ಗಾಳಿಯಾಡುವ ಸ್ಥಳದಲ್ಲಿಯೇ ಚಾರ್ಜ್ ಮಾಡತಕ್ಕದ್ದು. ಸಮೀಪದಲ್ಲಿ ಬೀಡಿ, ಬೆಂಕಿಕಡ್ಡಿ ಕೂಡದು. ಕ್ಲಿಪ್ ಹಾಕುವಾಗಲೂ ತೆಗೆಯುವಾಗಲೂ ಚಾರ್ಜರ್‌ನ ಸ್ವಿಚ್ ಆರಿಸಿರಬೇಕು. ಆಮ್ಲ ಕಣ್ಣಿಗೆ ಸಿಡಿದರೆ ಕನಿಷ್ಠ 15 ನಿಮಿಷ ಶುದ್ಧ ನೀರಿನಿಂದ ತೊಳೆದು ತಕ್ಷಣ ವೈದ್ಯರಲ್ಲಿಗೆ ಕರೆದೊಯ್ಯುವುದು. ಹಳೆಯ ಬ್ಯಾಟರಿಯನ್ನು ಕಸದೊಂದಿಗೆ ಬೆರೆಸದೆ, ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರಂತೆ ಸಂಗ್ರಹಣೆ ಅಥವಾ ಮರುಬಳಕೆಯಲ್ಲಿ ತೊಡಗಿರುವ ಸಂಸ್ಥೆಗೆ ಒಪ್ಪಿಸತಕ್ಕದ್ದು.

ವಿದ್ಯುತ್ ಚಾಲಿತ ವಾಹನಗಳ ಲಿಥಿಯಂ ಬ್ಯಾಟರಿಗಳಿಗೆ ಈ ಕ್ರಮಗಳು ಅನ್ವಯಿಸುವುದಿಲ್ಲ. ಅವುಗಳಿಗೆ ತಯಾರಕರ ಕೈಪಿಡಿಯೇ ಆಧಾರ.

ಸದಸ್ಯರ ಪಾತ್ರ

ಈ ಕೆಲಸಕ್ಕೆ ತಾಂತ್ರಿಕ ಪಾಂಡಿತ್ಯ ಬೇಕಿಲ್ಲ, ಕ್ರಮಬದ್ಧತೆ ಸಾಕು. ಪ್ರತಿ ವಾಹನಕ್ಕೂ ಒಂದು ವಹಿ ಇರಿಸಿ, ನಿಲ್ಲಿಸಿದ ದಿನಾಂಕ, ಹದಿನೈದು ದಿನಕ್ಕೊಮ್ಮೆ ಅಳೆದ ವೋಲ್ಟ್, ಚಾರ್ಜ್ ಮಾಡಿದ ದಿನ ಹಾಗೂ ಹೊಣೆಗಾರ ಸಿಬ್ಬಂದಿಯ ಸಹಿಯನ್ನು ನಮೂದಿಸುವಂತೆ ನೋಡಿಕೊಳ್ಳುವುದು. ಮುಂದಿನ ಸಾಮಾನ್ಯ ಸಭೆಯಲ್ಲಿ ಮಾನ್ಯ ಸದಸ್ಯರು ಈ ಮೂರು ಪ್ರಶ್ನೆಗಳನ್ನು ಚರ್ಚೆಗೆ ತರಬಹುದು: ನಮ್ಮ ಯಾವ ವಾಹನ ಎಷ್ಟು ದಿನಗಳಿಂದ ನಿಂತಿದೆ? ಅದರ ಬ್ಯಾಟರಿಯನ್ನು ಕೊನೆಯ ಬಾರಿ ಅಳೆದದ್ದು ಯಾವಾಗ? ಈ ಕಾರ್ಯದ ಹೊಣೆ ಯಾರದು?