ರಕ್ತವನ್ನು ಹೊತ್ತು ಹಾರುವ ವಿಮಾನ



ಮುಂದೆ ಏನಾಗಬೇಕೆಂದು ತರಗತಿಯಲ್ಲಿ ಕೇಳಿದಾಗ ನಿಮ್ಮಲ್ಲಿ ಹಲವರು ‘ಇಂಜಿನಿಯರ್’ ಎನ್ನುತ್ತೀರಿ. ಇಂಜಿನಿಯರರ ಕೆಲಸವೇನೆಂದು ಮತ್ತೆ ಕೇಳಿದರೆ ಸೇತುವೆ, ಕಾರ್ಖಾನೆ, ಕಂಪ್ಯೂಟರು ಎಂಬ ಉತ್ತರಗಳು ಬರುತ್ತವೆ. ರೋಗಿಯ ಪ್ರಾಣವನ್ನುಳಿಸುವುದು ವೈದ್ಯರ ಕಾರ್ಯವೆಂದೇ ನಮ್ಮ ಭಾವನೆ. ಅದರಲ್ಲಿ ಇಂಜಿನಿಯರರಿಗೂ ಪಾಲುಂಟೆಂಬುದನ್ನು ಆಫ್ರಿಕಾ ಖಂಡದ ಒಂದು ಪುಟ್ಟ ದೇಶದ ನಿದರ್ಶನದಿಂದ ತಿಳಿಯೋಣ.

ರುವಾಂಡ ‘ಸಾವಿರ ಬೆಟ್ಟಗಳ ನಾಡು’ ಎಂದು ಹೆಸರಾದ ದೇಶ. ಅಲ್ಲಿನ ದಾರಿಗಳು ಬೆಟ್ಟಗಳನ್ನು ಸುತ್ತಿ ಬಳಸಿ ಸಾಗುತ್ತವೆ. ದೂರದ ಆಸ್ಪತ್ರೆಯೊಂದರಲ್ಲಿ ಹೆರಿಗೆಯಾದ ತಾಯಿಗೆ ತೀವ್ರ ರಕ್ತಸ್ರಾವವಾಯಿತೆಂದು ಭಾವಿಸಿರಿ. ಆಕೆಗೆ ಒಡನೆಯೇ ರಕ್ತ ಬೇಕು. ವಾಹನವು ಬೆಟ್ಟವಿಳಿದು ಹೋಗಿ ಬರುವವರೆಗೆ ಪ್ರಾಣವು ಕಾದು ನಿಂತೀತೇ?

‘ಆಸ್ಪತ್ರೆಯಲ್ಲೇ ರಕ್ತವನ್ನು ಸಂಗ್ರಹಿಸಿಡಬಾರದೇ?’ ಎಂದು ನೀವು ಕೇಳಬಹುದು. ಎ, ಬಿ, ಎಬಿ, ಓ ಎಂಬ ನಾಲ್ಕು ಗುಂಪುಗಳಲ್ಲಿ ಆರ್‌ಎಚ್ ಧನ ಮತ್ತು ಋಣ ಎಂಬ ಭೇದವೂ ಸೇರಿ ಎಂಟು ಬಗೆಗಳಾಗುತ್ತವೆ. ಕೆಂಪು ರಕ್ತಕಣಗಳನ್ನು ತಂಪಿನಲ್ಲಿಟ್ಟರೂ ಸುಮಾರು ಆರು ವಾರಗಳಿಗಿಂತ ಹೆಚ್ಚು ಉಳಿಯವು. ಪ್ಲೇಟ್‌ಲೆಟ್‌ಗಳು ಸಾಮಾನ್ಯವಾಗಿ ಐದೇ ದಿನ. ಸಣ್ಣ ಆಸ್ಪತ್ರೆಯು ಎಲ್ಲವನ್ನೂ ಇಟ್ಟರೆ ಬಹುಪಾಲು ಕೆಟ್ಟುಹೋಗುತ್ತದೆ. ಇಡದಿದ್ದರೆ ಆಪತ್ತಿಗೆ ಒದಗದು. ಒಂದೆಡೆ ಸಂಗ್ರಹಿಸಿ, ಬೇಕಾದೆಡೆಗೆ ಬೇಗ ಒಯ್ಯುವುದೇ ಇದಕ್ಕೆ ಪರಿಹಾರ.

2016ರ ಅಕ್ಟೋಬರಿನಲ್ಲಿ ಜಿಪ್‌ಲೈನ್ ಎಂಬ ಅಮೆರಿಕದ ಸಂಸ್ಥೆಯು ರುವಾಂಡ ಸರಕಾರದೊಡನೆ ಕೂಡಿ ಮುಹಾಂಗ ಎಂಬಲ್ಲಿಂದ ಈ ಕೆಲಸವನ್ನು ಪ್ರಾರಂಭಿಸಿತು. ಚಾಲಕನಿಲ್ಲದ ಈ ಪುಟ್ಟ ವಿಮಾನಕ್ಕೆ ಡ್ರೋನ್ ಎಂದು ಹೆಸರು. ಇದು ವಿದ್ಯುತ್ಕೋಶದ ಬಲದಿಂದ ಹಾರುತ್ತದೆ. ಅಲ್ಲಿ ಬಳಕೆಗೆ ಬಂದ ಮಾದರಿಯು ಸುಮಾರು ಒಂದೂಮುಕ್ಕಾಲು ಕಿಲೋಗ್ರಾಂ ಹೊತ್ತು, ಗಂಟೆಗೆ ನೂರು ಕಿಲೋಮೀಟರಿನಂತೆ ಹಾರಿ, ಎಂಬತ್ತು ಕಿಲೋಮೀಟರು ದೂರ ಹೋಗಿ ಮರಳಬಲ್ಲುದಾಗಿತ್ತು. ಅಷ್ಟು ದೂರಕ್ಕೆ ಎಷ್ಟು ಹೊತ್ತು ಹಿಡಿಯುವುದೆಂದು ನೀವೇ ಲೆಕ್ಕ ಹಾಕಿರಿ: ನಾಲ್ವತ್ತೆಂಟು ನಿಮಿಷ.

ಇದರ ರಚನೆಯಲ್ಲಿ ಇಂಜಿನಿಯರರ ಜಾಣ್ಮೆಯನ್ನು ಗಮನಿಸಿರಿ. ಬೆಟ್ಟದ ಸೀಮೆಯಲ್ಲಿ ಓಡುದಾರಿ ಎಲ್ಲಿಂದ ತರುವುದು? ಆದುದರಿಂದ ಕವಣೆಯಂಥ ಯಂತ್ರವು ವಿಮಾನವನ್ನು ಅರೆ ಸೆಕೆಂಡಿನೊಳಗೆ ಪೂರ್ಣ ವೇಗಕ್ಕೆ ಎಸೆಯುತ್ತದೆ. ಈ ವೇಗೋತ್ಕರ್ಷವು ಗುರುತ್ವಾಕರ್ಷಣದ ಐದು ಪಟ್ಟಿಗೂ ಮಿಗಿಲು. ಈ ಎಳೆತವನ್ನು ರಕ್ತದ ಚೀಲವೂ ಯಂತ್ರದ ಪ್ರತಿಯೊಂದು ತಿರುಪೂ ತಾಳಬೇಕು. ಆಸ್ಪತ್ರೆಯ ಅಂಗಳದ ಮೇಲೆ ವಿಮಾನವು ತಗ್ಗಿ ಬಂದು, ಕಾಗದದ ಪ್ಯಾರಾಶೂಟು ಕಟ್ಟಿದ ಪೆಟ್ಟಿಗೆಯನ್ನು ಬೀಳಬಿಟ್ಟು, ಇಳಿಯದೆಯೇ ಹಿಂದಿರುಗುತ್ತದೆ. ಕೇಂದ್ರದಲ್ಲಿ ಎರಡು ಕಂಬಗಳ ನಡುವಣ ತಂತಿಗೆ ಬಾಲದ ಕೊಕ್ಕೆ ಸಿಕ್ಕಿ ನಿಲ್ಲುತ್ತದೆ.

ಕೆಡುವ ಸಂಭವವನ್ನೂ ಅವರು ಮೊದಲೇ ಎಣಿಸಿದ್ದಾರೆ. ಒಂದು ಮೋಟಾರು ನಿಂತರೆ ಇನ್ನೊಂದುಂಟು. ಅದೂ ಸಾಲದಿದ್ದರೆ ವಿಮಾನವನ್ನೇ ಮೆಲ್ಲನೆ ಇಳಿಸುವ ಪ್ಯಾರಾಶೂಟುಂಟು. ಪ್ರತಿ ಹಾರಾಟಕ್ಕೂ ಮುನ್ನ ಪರೀಕ್ಷೆ ತಪ್ಪದು. ನೂರು ಸಲ ಸರಿಯಾಗಿದ್ದುದನ್ನು ನೂರೊಂದನೆಯ ಸಲವೂ ಬೇಸರಿಸದೆ ನೋಡುವವರೇ ನಿಜವಾದ ಇಂಜಿನಿಯರರು. ಮಾಡಿದ ಲೆಕ್ಕವನ್ನು ತಾಳೆ ನೋಡಲು ನಾನು ಹೇಳಿದಾಗ ಮುಖ ಸಿಂಡರಿಸುವವರು ಇದನ್ನು ಮನಸ್ಸಿನಲ್ಲಿಡಬೇಕು.

ಫಲವೇನಾಯಿತು? 2022ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಂತೆ, ರುವಾಂಡದಲ್ಲಿ ರಕ್ತವು ರಸ್ತೆಗಿಂತ ಸರಾಸರಿ ಒಂದು ಗಂಟೆಗೂ ಹೆಚ್ಚು ಮುಂಚಿತವಾಗಿ ತಲುಪಿತು. ಅವಧಿ ಮೀರಿ ವ್ಯರ್ಥವಾಗುವ ರಕ್ತವು ನೂರಕ್ಕೆ 67ರಷ್ಟು ತಗ್ಗಿತು. ದಾನಿಗಳು ಕೊಟ್ಟ ರಕ್ತವನ್ನು ಚೆಲ್ಲದೆ ಉಳಿಸುವುದು ಸಣ್ಣ ಸೇವೆಯೇ?

ನಮ್ಮ ದೇಶದಲ್ಲಿಯೂ 2021ರಲ್ಲಿ ತೆಲಂಗಾಣದ ವಿಕಾರಾಬಾದಿನಲ್ಲಿ ಔಷಧಗಳನ್ನು ಹೀಗೆ ಸಾಗಿಸುವ ಪ್ರಯೋಗ ನಡೆಯಿತು. ಅದೇ ವರ್ಷ ಮಣಿಪುರದಲ್ಲಿ ಲೋಕ್‌ತಕ್ ಸರೋವರದ ಕರಾಂಗ್ ದ್ವೀಪಕ್ಕೆ ಲಸಿಕೆಯು ಆಕಾಶಮಾರ್ಗವಾಗಿ ತಲುಪಿತು.

ಮಕ್ಕಳೇ, ಆಸ್ಪತ್ರೆಗಳು ಹತ್ತಿರವಿರುವ ಈ ಮುಂಬಯಿಯಲ್ಲಿ ನಾವಿದ್ದೇವೆ. ಆದರೂ ನಿಮ್ಮಲ್ಲಿ ಅನೇಕರ ಅಜ್ಜಿಯರು ಮಳೆಗಾಲದಲ್ಲಿ ಹಳ್ಳ ತುಂಬಿದರೆ ದಾರಿಯೇ ಇಲ್ಲದ ಊರುಗಳಲ್ಲಿದ್ದಾರೆ. ವೇಗ, ಗುರುತ್ವಾಕರ್ಷಣ, ಗಾಳಿಯ ತಡೆ ಇವೆಲ್ಲ ನೀವು ಕನ್ನಡದಲ್ಲಿಯೇ ಓದುತ್ತಿರುವ ಪಾಠಗಳು. ಪರೀಕ್ಷೆಯ ಮರುದಿನ ಅವನ್ನು ಮರೆಯಬೇಡಿರಿ. ಯಾವುದೋ ಬೆಟ್ಟದಾಚೆ ಒಬ್ಬ ತಾಯಿ ಅವುಗಳಿಗಾಗಿ ಕಾದಿರಬಹುದು.