ಮನೆಯಲ್ಲೇ ಆರ್ಕೇಡ್ ಪೆಟ್ಟಿಗೆ ಕಟ್ಟುವುದಾದರೆ

ಪ್ರಶ್ನೆ: ನಾವು ಹೈದರಾಬಾದಿನ ಕಾಚಿಗುಡದಲ್ಲಿದ್ದೇವೆ. ಹತ್ತು ವರ್ಷದ ಮಗಳ ಜೊತೆ ಸೇರಿ, ನಿಂತು ಆಡುವ ಹಳೇ ಮಾದರಿಯ ವಿಡಿಯೋ ಗೇಮ್ ಪೆಟ್ಟಿಗೆ ಮಾಡುವ ಆಸೆ. ಎಂಡಿಎಫ್ ಸಾಕೇ? ಮನೆಯ ಹಳೇ ಟಿವಿ ಬಳಸಬಹುದೇ?

ಉತ್ತರ: ಖಂಡಿತ ಮಾಡಿ. ಮಗಳಿಗೆ ಅಳತೆ, ಮರಗೆಲಸ, ವೈರಿಂಗ್ ಮೂರೂ ಒಟ್ಟಿಗೆ ಕಲಿಯುವ ಅವಕಾಶವಿದು.

ಎಂಡಿಎಫ್‌ಗೆ ಬಣ್ಣ ಚೆನ್ನಾಗಿ ಕೂರುತ್ತದೆ, ನಿಜ. ಆದರೆ ನೆಲ ಒರೆಸುವ ನೀರು ತಾಗಿದರೂ ಬುಡ ಉಬ್ಬುತ್ತದೆ. ಅದರ ಬದಲು 18 ಮಿ.ಮೀ. ದಪ್ಪದ, ನೀರು ತಾಳುವ ಬಿಡಬ್ಲ್ಯುಆರ್ ಪ್ಲೈವುಡ್ ಕೊಳ್ಳಿ. ಹಾಳೆಯ ಮೇಲೆ ಐಎಸ್ 303 ಮುದ್ರೆ ನೋಡಿಕೊಳ್ಳಿ. 8×4 ಅಡಿಯ ಎರಡು ಹಾಳೆ ಸಾಮಾನ್ಯವಾಗಿ ಸಾಕು.

ಮೊದಲು ಪಕ್ಕದ ಹಲಗೆಯ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ ಗೋಡೆಗೆ ಒರಗಿಸಿ. ಮಗಳನ್ನು ಎದುರು ನಿಲ್ಲಿಸಿ, ಮೊಣಕೈ ಮಡಿಸಿದಾಗ ಕೈ ಎಲ್ಲಿಗೆ ಬರುತ್ತದೋ ನೋಡಿ ಗುಂಡಿಗಳ ಎತ್ತರ ಗುರುತಿಸಿ. ಅವಳು ಬೆಳೆಯುತ್ತಾಳೆ, ಸ್ವಲ್ಪ ಮೇಲೇ ಇರಲಿ. ಎರಡೂ ಪಕ್ಕದ ಹಲಗೆಗಳನ್ನು ಒಟ್ಟಿಗೆ ಕ್ಲ್ಯಾಂಪ್ ಹಾಕಿ ಕೊಯ್ದರೆ ಆಕಾರ ತಪ್ಪದು. ಗುಂಡಿಗಳಿಗೆ ಸಾಮಾನ್ಯವಾಗಿ 30 ಅಥವಾ 28 ಮಿ.ಮೀ. ತೂತು ಬೇಕು, ಕೊಂಡ ಗುಂಡಿಯನ್ನು ಅಳೆದ ನಂತರವೇ ಕೊರೆಯಿರಿ. ಹಿಂದೆ ಒಂದು ಬೇಡದ ಹಲಗೆ ಒತ್ತಿ ಹಿಡಿದರೆ ಸಿಬಿರು ಏಳುವುದಿಲ್ಲ.

ಪಿಕ್ಚರ್ ಟ್ಯೂಬಿನ ಟಿವಿಯನ್ನು ದಯವಿಟ್ಟು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು. ಎಲ್‌ಸಿಡಿ ಮಾನಿಟರ್, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಸಾಕು. ಬಿಡಿಭಾಗಗಳಿಗೆ ನಿಮಗೆ ಹತ್ತಿರದ ಕೋಠಿಯ ಗುಜರಾತಿ ಗಲ್ಲಿಯಲ್ಲಿ ವಿಚಾರಿಸಿ.

ಹಿಂಬದಿಯ ಹಲಗೆಯಲ್ಲಿ ಗಾಳಿಗೆ ಕಿಂಡಿ ಬಿಡಿ. ಅದನ್ನು ಅಂಟಿಸದೆ ಸ್ಕ್ರೂ ಹಾಕಿ. ಗುಂಡಿಯ ವೈರ್ ಕಳಚಿದರೆ, ಪ್ಲಗ್ ಕಿತ್ತು ನೀವಿಬ್ಬರೇ ಸರಿಪಡಿಸಬಹುದು.